ಕಾಳು ಹಾಕಿದರೆ ಪಾರಿವಾಳ ಮಾತ್ರ ಬರುತ್ತವೆ, ಬೇರೆ ಹಕ್ಕಿಗಳು ಬರಬೇಕಾದರೆ ಏನು ಮಾಡಬೇಕು?

ಹೊಸಚಿಗುರು
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸಣ್ಣ ತೋಟ ಇದೆ. ನಡುವೆ ಹುಲ್ಲುಹಾಸು, ಸುತ್ತ ಕುಂಡದ ಗಿಡಗಳು, ಕಾಂಪೌಂಡ್ ಪಕ್ಕ ಒಂದೆರಡು ಮರ. ಹಕ್ಕಿಗಳು ಬರಲಿ ಅಂತ ಅಗಲವಾದ ತಟ್ಟೆ ತೂಗುಹಾಕಿ ದಿನಾ ಕಾಳು ಹಾಕುತ್ತಿದ್ದೇನೆ. ಬರುವುದು ಪಾರಿವಾಳ ಮಾತ್ರ. ತಿಂದು, ಹಿಕ್ಕೆ ಹಾಕಿ, ಹೋಗುವುದೂ ಇಲ್ಲ. ಗೋಡೆ ಮೇಲೆ ಸಾಲಾಗಿ ಕೂತು ಮುಂದಿನ ಸಲಕ್ಕೆ ಕಾಯುತ್ತವೆ. ಗುಬ್ಬಿ, ಬುಲ್‌ಬುಲ್, ಆ ಪುಟ್ಟ ಸೂರಕ್ಕಿ ಇವೆಲ್ಲ ಆಚೆ ಮರಗಳಲ್ಲಿ ಕೂಗುವುದು ಕೇಳಿಸುತ್ತದೆ. ನಮ್ಮಲ್ಲಿಗೆ ಮಾತ್ರ ಬರುವುದಿಲ್ಲ. ಕಾಳು ಬದಲಾಯಿಸಬೇಕಾ? ಗೂಡಿನ ಪೆಟ್ಟಿಗೆ ಇಡಬೇಕಾ? ಮನೆಯವರು "ಪಾರಿವಾಳಕ್ಕೆ ಛತ್ರ ತೆರೆದಿದ್ದೀಯ" ಅಂತ ನಗುತ್ತಿದ್ದಾರೆ.

ಟೆರೇಸ್‌ತೋಟ
ತಟ್ಟೆ ತೆಗೆದುಬಿಡಿ. ನೀರು ಇಡಿ. ಅಷ್ಟೇ.

ಒಣಕೊಂಬೆ
ನೀವು ಹೇಳಿದ ಮೂರರಲ್ಲಿ ಕಾಳು ತಿನ್ನುವುದು ಗುಬ್ಬಿ ಒಂದೇ. ಬುಲ್‌ಬುಲ್‌ಗೆ ಹಣ್ಣು, ಹುಳ ಬೇಕು. ಸೂರಕ್ಕಿಗೆ ಮಕರಂದ, ಜೇಡ, ಸಣ್ಣಪುಟ್ಟ ಹುಳ ಬೇಕು. ಯಾವ ಕಾಳು ತಂದು ಸುರಿದರೂ ಅವೆರಡು ತಿರುಗಿ ನೋಡುವುದಿಲ್ಲ. ಬಯಲು ಜಾಗ, ಅಗಲ ತಟ್ಟೆ, ದಿನಾ ಹೊತ್ತಿಗೆ ಸರಿಯಾಗಿ ಕಾಳು. ಪಾರಿವಾಳಕ್ಕೆ ಇನ್ನೇನು ಬೇಕು?

ಒಂದು ಸಲ ತೋಟದ ಮಧ್ಯೆ ನಿಂತು ನೋಡಿ. ಹಕ್ಕಿಗೆ ದಿಗಿಲಾದರೆ ತಕ್ಷಣ ಹಾರಿ ಅಡಗುವುದು ಎಲ್ಲಿ? ನೆಲದಲ್ಲಿ ಕತ್ತರಿಸಿದ ಹುಲ್ಲು, ಮೇಲೆ ಮರ. ನಡುವೆ ಏನೂ ಇಲ್ಲ. ಸಣ್ಣ ಹಕ್ಕಿಗಳಿಗೆ ಎದೆಯೆತ್ತರದ ದಟ್ಟ ಪೊದೆ ಬಹಳ ಮುಖ್ಯ. ಅವು ನೇರವಾಗಿ ಬಂದು ತಟ್ಟೆಯಲ್ಲಿ ಕೂರುವುದಿಲ್ಲ. ಮೊದಲು ಮರ, ಆಮೇಲೆ ಪೊದೆ, ಅಲ್ಲಿಂದ ಇಣುಕಿ ನೋಡಿ, ಆಮೇಲೆ ನೆಲ. ಮಧ್ಯದ ಮೆಟ್ಟಿಲೇ ಇಲ್ಲದಿದ್ದರೆ ಆಚೆ ಮರದಲ್ಲೇ ಉಳಿಯುತ್ತವೆ.

ಕಾಳುಡಬ್ಬಿ
ತಟ್ಟೆ ತೆಗೆಯಿರಿ ಅನ್ನುವುದು ಸುಲಭ. ಆದರೆ ತಪ್ಪು ತಟ್ಟೆಯದು, ಕಾಳಿನದಲ್ಲ. ಕೊಳವೆ ಆಕಾರದ ಫೀಡರ್ ಬರುತ್ತದಲ್ಲ, ಪಕ್ಕದಲ್ಲಿ ಸಣ್ಣ ತೂತು, ಗಿಡ್ಡ ಕಡ್ಡಿ ಇರುವಂಥದ್ದು, ಅದರಲ್ಲಿ ಪಾರಿವಾಳಕ್ಕೆ ಕೂರಲು ಆಗುವುದಿಲ್ಲ. ಅಥವಾ ಗುಬ್ಬಿ ನುಸುಳುವಷ್ಟು ಸಂದಿ ಬಿಟ್ಟು ಸುತ್ತ ತಂತಿಯ ಪಂಜರ ಹಾಕಿ. ನವಣೆ, ಸಾಮೆಯಂಥ ಸಣ್ಣ ಕಾಳು ಸ್ವಲ್ಪವೇ ತುಂಬಿ. ಕೆಳಗೆ ಚೆಲ್ಲಿದ್ದನ್ನು ಸಂಜೆ ಗುಡಿಸಿ. ಇಲ್ಲದಿದ್ದರೆ ರಾತ್ರಿ ಇಲಿ ಬಂದು ಗುಡಿಸುತ್ತದೆ.

ಇನ್ನೊಂದು ವಿಷಯ. ಹೊಸ ಫೀಡರ್ ಹಾಕಿದ ಮರುದಿನವೇ ಹಕ್ಕಿ ಬರುವುದಿಲ್ಲ. ಅವು ಗಮನಿಸಿ, ನಂಬಿಕೆ ಬಂದು, ಮೊದಲನೆಯದು ಇಳಿಯಲು ವಾರಗಳೇ ಹಿಡಿಯಬಹುದು. ಜನ ನಾಲ್ಕು ದಿನ ನೋಡಿ ಫೀಡರ್ ಅಟ್ಟಕ್ಕೆ ಹಾಕುತ್ತಾರೆ.

ಮಣ್ಣಿನಕೈ
ಈ ಕಾಳಿನ ಗಲಾಟೆಯೇ ಬೇಡ ಅನ್ನುವ ಗುಂಪಿಗೆ ನಾನು ಸೇರಿದವಳು. ಕಾಳು ತಿನ್ನುವ ಗುಬ್ಬಿ ಕೂಡ ಮರಿಗೆ ಕೊಡುವುದು ಹುಳವನ್ನೇ. ಮರಿ ಬೆಳೆಯಲು ಪ್ರೋಟೀನ್ ಬೇಕು, ಒಣ ಕಾಳು ಅದಕ್ಕೆ ಜೀರ್ಣ ಆಗುವುದಿಲ್ಲ. ಉತ್ತರ ಅಮೆರಿಕದ ಚಿಕಡೀ ಅನ್ನುವ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಕಂಬಳಿಹುಳಗಳನ್ನು ತರಬೇಕು ಅಂತ ಕೀಟವಿಜ್ಞಾನಿ ಡಗ್ಲಸ್ ಟಾಲಮಿ ಹೇಳುತ್ತಾ ಬಂದಿದ್ದಾರೆ. ಆ ಹಕ್ಕಿಯ ತೂಕ 12 ಗ್ರಾಂ ಆಸುಪಾಸು ಅಷ್ಟೇ! ಈಗ ಹೇಳಿ, ನಿಮ್ಮ ತೋಟದಲ್ಲಿ ಎಷ್ಟು ಹುಳ ಇವೆ?

ಕರಿಬೇವಿನ ಗಿಡದಲ್ಲಿ, ನಿಂಬೆ ಗಿಡದಲ್ಲಿ ಹಸಿರು ಹುಳ ಕಂಡ ಕೂಡಲೇ ಔಷಧಿ ಹೊಡೆಯುತ್ತೇವೆ. ಆಮೇಲೆ ಹಕ್ಕಿ ಬರುವುದಿಲ್ಲ ಅಂತ ಕಾಳು ತರುತ್ತೇವೆ. ಆ ಹುಳ ಬಿಟ್ಟರೆ ಒಂದಷ್ಟು ಚಿಟ್ಟೆ ಆಗುತ್ತದೆ, ಒಂದಷ್ಟು ಹಕ್ಕಿ ಹೊಟ್ಟೆ ಸೇರುತ್ತದೆ. ಎಲೆ ನಾಲ್ಕು ತೂತಾದರೆ ಆಗಲಿ.

ಕಾಳುಡಬ್ಬಿ
ಅಕ್ಕ, ಎಲ್ಲರಿಗೂ ಕಾಡು ಬೆಳೆಸುವಷ್ಟು ಜಾಗ ಇರುವುದಿಲ್ಲ. ಫೀಡರ್ ಇಂದೇ ಹಾಕಬಹುದು, ಗಿಡ ಬೆಳೆಯಲು ವರ್ಷ ಬೇಕು.

ಮಣ್ಣಿನಕೈ
ದಾಸವಾಳಕ್ಕೆ ವರ್ಷ ಯಾಕೆ ತಮ್ಮ? ಕಡ್ಡಿ ನೆಟ್ಟರೆ ಅದೇ ಮಳೆಗಾಲ ಮುಗಿಯುವುದರೊಳಗೆ ಹೂ ಬಿಡುತ್ತದೆ. ಒಂಟಿ ಸುತ್ತಿನ ಹೂವಿನದೇ ನೆಡಿ. ಮುದ್ದೆ ಮುದ್ದೆಯಾದ ಸುತ್ತು ದಾಸವಾಳ ನೋಡಲು ಚೆಂದ, ಆದರೆ ಅಷ್ಟು ಎಸಳಿನ ಮಧ್ಯೆ ಮಕರಂದಕ್ಕೆ ಕೊಕ್ಕು ತಲುಪುವುದು ಕಷ್ಟ.

ಚಿಲಿಪಿಲಿ99
ಸೂರಕ್ಕಿಗೆ ಸಕ್ಕರೆ ನೀರು ಇಟ್ಟರೆ? ವಿಡಿಯೋಗಳಲ್ಲಿ ಕೆಂಪು ಬಾಟಲಿ ತೋರಿಸುತ್ತಾರೆ.

ಒಣಕೊಂಬೆ
ಅವು ಹಮ್ಮಿಂಗ್‌ಬರ್ಡ್ ಫೀಡರ್‌ಗಳು. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅಲ್ಲಿಯವರು ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಹಾಕುತ್ತಾರೆ. ಬಣ್ಣ ಬೇಕಿಲ್ಲ. ಜೇನು ಹಾಕಲೇಬಾರದು, ಬೇಗ ಬೂಸ್ಟು ಬರುತ್ತದೆ. ಬಿಸಿಲಿಗೆ ಸಕ್ಕರೆ ನೀರೂ ಒಂದೆರಡು ದಿನದಲ್ಲಿ ಹುಳಿಯಾಗುತ್ತದೆ. ಅದನ್ನು ತೊಳೆಯುತ್ತಾ ಕೂರುವ ಬದಲು ಒಂದು ಹಮೇಲಿಯಾ ಗಿಡ ನೆಡಿ. ಕಿತ್ತಳೆ ಬಣ್ಣದ ಕೊಳವೆ ಹೂವು, ವರ್ಷದ ಹೆಚ್ಚು ಕಾಲ ಬಿಡುತ್ತದೆ. ಕೊನೆಗೆ ಬರುವ ಕಪ್ಪು ಹಣ್ಣಿಗೆ ಬುಲ್‌ಬುಲ್ ಬರುತ್ತದೆ.

ಬೇಲಿಗಿಡ
ಹಮೇಲಿಯಾನೂ ಅಮೆರಿಕದ್ದೇ ಅಲ್ವಾ? ಹೊರಗಿನ ಗಿಡದ ಎಲೆಯನ್ನು ಸ್ಥಳೀಯ ಹುಳಗಳು ಬಹಳ ತಿನ್ನುವುದಿಲ್ಲ. ಹುಳ ಇಲ್ಲ ಅಂದರೆ ಮರಿಗೆ ಮೇವಿಲ್ಲ. ಹೂವಿಗೆ ಒಂದಿರಲಿ, ತಕರಾರಿಲ್ಲ. ಉಳಿದದ್ದು ಎಲ್ಲಿದ್ದೀರೋ ಅಲ್ಲಿನ ಬೇಲಿಗಳಲ್ಲಿ, ಪಾಳು ಜಾಗಗಳಲ್ಲಿ ತಾನಾಗಿ ಬೆಳೆಯುವ ಜಾತಿಯವೇ ಇರಲಿ. ಲಂಟಾನ ಮಾತ್ರ ಬೇಡವೇ ಬೇಡ. ಹಣ್ಣು ಹಕ್ಕಿಗೆ ಇಷ್ಟ, ನಿಜ. ಅದೇ ತೊಂದರೆ. ತಿಂದು ಎಲ್ಲೆಲ್ಲೋ ಬೀಜ ಉದುರಿಸುತ್ತವೆ, ಅದು ಕಾಡನ್ನೇ ಮುಚ್ಚಿಬಿಡುತ್ತದೆ.

ಟೆರೇಸ್‌ತೋಟ
ಹಣ್ಣಿನ ಮರ ಅಂದರೆ ಗಸಗಸೆ ಹಣ್ಣಿನ ಮರ. ಬೇಗ ಬೆಳೆಯುತ್ತದೆ, ವರ್ಷವಿಡೀ ಹಣ್ಣು. ಬೆಳಿಗ್ಗೆ ಹಕ್ಕಿ, ಸಂಜೆ ಮಕ್ಕಳು, ರಾತ್ರಿ ಬಾವಲಿ.

ಬೇಲಿಗಿಡ
ಅದೂ ಅಮೆರಿಕದ್ದೇ 😄

ಟೆರೇಸ್‌ತೋಟ
ಹಾಗೆ ನೋಡಿದರೆ ನಿಮ್ಮ ಮೆಣಸಿನಕಾಯಿಯೂ ಅಲ್ಲಿಯದೇ ಗುರು. ಕಿತ್ತು ಹಾಕಿದ್ದೀರಾ?

ನಿದ್ದೆಗೆಟ್ಟವ
ಮೆಣಸಿನಕಾಯಿ ಅಂದಿದ್ದಕ್ಕೆ ನೆನಪಾಯಿತು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ. ನಮಗೆ ನಾಲಿಗೆ ಉರಿಸುವ ಕ್ಯಾಪ್ಸೈಸಿನ್ ಅವುಗಳ ನರಗಳ ಮೇಲೆ ಕೆಲಸ ಮಾಡುವುದಿಲ್ಲ. ಇಲಿ, ಅಳಿಲಿಗೆ ಉರಿಯುತ್ತದೆ. ಹಾಗಾಗಿ ಕೆಲವರು ಅಳಿಲು ಕಾಟಕ್ಕೆ ಕಾಳಿಗೆ ಖಾರ ಬೆರೆಸುತ್ತಾರೆ. ಸುಮ್ನೆ ಹೇಳಿದೆ. ಪುಡಿ ಗಾಳಿಗೆ ಹಾರಿ ನಿಮ್ಮ ಕಣ್ಣಿಗೆ ಬಿದ್ದರೆ ನನ್ನನ್ನು ಕೇಳಬೇಡಿ.

ಹೊಸಚಿಗುರು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನೀರಿನ ಬಗ್ಗೆ ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ. ಬಕೆಟ್ ಇಟ್ಟರೆ ಆಗುತ್ತದಾ? ಸೊಳ್ಳೆ ಆಗುವುದಿಲ್ಲವಾ?

ಟೆರೇಸ್‌ತೋಟ
ಬಕೆಟ್ ಬೇಡ ಸರ್, ಸಣ್ಣ ಹಕ್ಕಿ ಬಿದ್ದು ಮುಳುಗುತ್ತದೆ. ಅಗಲವಾದ ಮಣ್ಣಿನ ತಟ್ಟೆ ಸಾಕು. ಅಂಚಿನಲ್ಲಿ ನೀರು 2 ಸೆಂಟಿಮೀಟರ್, ಮಧ್ಯದಲ್ಲಿ ಹೆಚ್ಚೆಂದರೆ 5. ಒಳಗೆ ನುಣುಪಿರಬಾರದು, ಕಾಲು ಜಾರಿದರೆ ಮತ್ತೆ ಬರುವುದಿಲ್ಲ. ಒಂದು ಚಪ್ಪಟೆ ಕಲ್ಲು ಇಡಿ. ಅದರ ಮೇಲೆ ಜೇನ್ನೊಣಗಳೂ ಕೂತು ಕುಡಿಯುತ್ತವೆ.

ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ಕಾಲದಲ್ಲೂ ಒಂದು ವಾರ ಬೇಕು. ದಿನಾ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸದು ತುಂಬಿದರೆ ಸೊಳ್ಳೆಗೆ ಅವಕಾಶವೇ ಇಲ್ಲ. ಮೇಲಿನಿಂದ ಒಂದು ಬಾಟಲಿಗೆ ಸೂಜಿಯಷ್ಟು ತೂತು ಮಾಡಿ ನೇತುಹಾಕಿ. ಹನಿ ತೊಟ್ಟಿಕ್ಕುವ ಸದ್ದಿಗೆ ಹಕ್ಕಿಗಳು ಬೇಗ ಬರುತ್ತವೆ. ಕಾಳು ಮುಟ್ಟದ ಹಕ್ಕಿಯೂ ನೀರಿಗೆ ಬಂದೇ ಬರುತ್ತದೆ, ಅದಕ್ಕೇ ಮೊದಲು ನೀರು ಅಂದಿದ್ದು.

ಬೈನಾಕ್ಯುಲರ್
ನೀರಿನ ಜೊತೆ ಒಂದಿಷ್ಟು ಒಣ ಮಣ್ಣೂ ಬಿಡಿ. ಬಿಸಿಲು ಬೀಳುವ ಕಡೆ ಹುಲ್ಲಿಲ್ಲದ, ನುಣ್ಣಗಿನ ಪುಡಿ ಮಣ್ಣು. ಗುಬ್ಬಿಗಳು ಅದರಲ್ಲಿ ಹೊರಳಾಡಿ ಧೂಳುಸ್ನಾನ ಮಾಡುತ್ತವೆ. ಇಡೀ ನೆಲಕ್ಕೆ ಸಿಮೆಂಟು, ಟೈಲ್ಸ್ ಹಾಕಿದ ಮನೆಗಳಲ್ಲಿ ಇದೊಂದು ಸಿಗುವುದೇ ಇಲ್ಲ.

ಪಶುವೈದ್ಯ_ಹಳಬ
ಕಾಳುಡಬ್ಬಿಯವರು ಬೇಜಾರು ಮಾಡಿಕೊಳ್ಳಬಾರದು, ಆದರೆ ಫೀಡರ್ ಬಗ್ಗೆ ಯಾರೂ ಹೇಳದ ಮಾತು ಒಂದಿದೆ. ಬೇರೆ ಬೇರೆ ಕಡೆಯ ಹಕ್ಕಿಗಳು ಒಂದೇ ತಟ್ಟೆಗೆ ಬಾಯಿ ಹಾಕಿದರೆ ರೋಗ ಹರಡುತ್ತದೆ. ಬ್ರಿಟನ್‌ನಲ್ಲಿ ಗ್ರೀನ್‌ಫಿಂಚ್ ಅನ್ನುವ ಹಕ್ಕಿ ತೋಟಗಳಲ್ಲಿ ಮಾಮೂಲಿಯಾಗಿತ್ತು. 2005ರಲ್ಲಿ ಟ್ರೈಕೊಮೊನೋಸಿಸ್ ರೋಗ ಅದಕ್ಕೆ ತಗುಲಿತು. ಗಂಟಲಲ್ಲಿ ಹುಣ್ಣಾಗಿ ನುಂಗಲು ಆಗದೆ ಸಾಯುತ್ತವೆ. ತಿಂದು ಉಗುಳಿದ ಕಾಳು, ಕೊಳಕು ನೀರು, ಇವುಗಳಿಂದಲೇ ಅದು ಹರಡುವುದು. ಎಷ್ಟು ಸತ್ತವೆಂದರೆ 2021ರಲ್ಲಿ ಆ ಹಕ್ಕಿಯನ್ನು ಅಪಾಯದಲ್ಲಿರುವ ಹಕ್ಕಿಗಳ ಅಲ್ಲಿನ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ಅಮೆರಿಕದಲ್ಲಿ 1994ರಿಂದ ಹೌಸ್ ಫಿಂಚ್‌ಗಳಲ್ಲಿ ಕಣ್ಣುಬೇನೆ ಹರಡಿದ್ದರಲ್ಲೂ ಫೀಡರ್ ಪಾತ್ರ ಇದೆ.

ಅದಕ್ಕೇ ವಾರಕ್ಕೊಮ್ಮೆ ಬಿಸಿನೀರು, ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕಾಳು ತುಂಬಿ. ಗರಿ ಉಬ್ಬಿಸಿಕೊಂಡು, ಮಂಕಾಗಿ, ಹತ್ತಿರ ಹೋದರೂ ಹಾರದ ಹಕ್ಕಿ ಕಂಡರೆ ಫೀಡರ್, ನೀರಿನ ತಟ್ಟೆ ಎರಡನ್ನೂ ಕೆಲವು ವಾರ ತೆಗೆದಿಡಿ. ಒಣಗಿದ ಪಾರಿವಾಳದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕಾಳುಡಬ್ಬಿ
ಬೇಜಾರೇನಿಲ್ಲ ಡಾಕ್ಟ್ರೇ. ತೊಳೆಯುವವರು ಮಾತ್ರ ಫೀಡರ್ ಇಡಲಿ, ಒಪ್ಪಿದೆ. ತೊಳೆಯಲು ಸೋಮಾರಿತನ ಇದ್ದವರು ಮಣ್ಣಿನಕೈ ಅಕ್ಕನ ಗುಂಪು ಸೇರಲಿ.

ಮಣ್ಣಿನಕೈ
ನಮ್ಮ ಗುಂಪಿನಲ್ಲಿ ಸೋಮಾರಿಗಳಿಗೆ ವಿಶೇಷ ಮರ್ಯಾದೆ ಇದೆ! ಎಲೆ ಗುಡಿಸಬೇಡಿ, ಪೊದೆಯ ಬುಡದಲ್ಲಿ ಹಾಗೇ ಬಿಡಿ. ಎಲೆ ಕೆದಕಿ ಹುಳ ತಿನ್ನುವ ಹರಟೆಮಲ್ಲಗಳ ಗುಂಪು ಬರುತ್ತದೆ. ಒಂದು ಮೂಲೆಯ ಹುಲ್ಲು ಕತ್ತರಿಸಬೇಡಿ. ತೆನೆ ಬಂದರೆ ಮುನಿಯಾ ಅನ್ನುವ ಪುಟ್ಟ ಹಕ್ಕಿಗಳು ಜೋತುಬಿದ್ದು ತಿನ್ನುತ್ತವೆ. ಒಣಗಿದ ಕೊಂಬೆ ತಲೆ ಮೇಲೆ ಬೀಳುವ ಜಾಗದಲ್ಲಿ ಇಲ್ಲದಿದ್ದರೆ ಕಡಿಯಬೇಡಿ.

ಒಣಕೊಂಬೆ
ಕೊನೆಯ ಮಾತಿಗೆ ನನ್ನ ಸಂಪೂರ್ಣ ಬೆಂಬಲ. ಕಾಜಾಣಕ್ಕೆ ಕೂತು ಕಾಯಲು ಅದೇ ಬೇಕು.

ಅಜ್ಜಿಮನೆ
ಬ್ರೆಡ್ಡು, ಹಾಲು ಹಾಕಬಹುದಾ? ಮನೆಯಲ್ಲಿ ಮಿಕ್ಕಿದ್ದು ಎಸೆಯಲು ಮನಸ್ಸು ಬರುವುದಿಲ್ಲ.

ಪಶುವೈದ್ಯ_ಹಳಬ
ಹಾಲು ಬೇಡ ಅಮ್ಮ, ಹಕ್ಕಿಗಳು ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲಾರವು. ಬ್ರೆಡ್ಡಿನಲ್ಲಿ ಹೊಟ್ಟೆ ತುಂಬುತ್ತದೆ, ಸತ್ವ ಇಲ್ಲ. ಬೂಸ್ಟು ಹಿಡಿದದ್ದಂತೂ ವಿಷವೇ. ಉಪ್ಪು, ಖಾರ, ಎಣ್ಣೆ ಹಾಕಿದ ಯಾವುದೂ ಬೇಡ. ಮಾಗಿದ ಹಣ್ಣು ಮಿಕ್ಕಿದ್ದರೆ ಅರ್ಧ ಮಾಡಿ ಕೊಂಬೆಗೆ ಚುಚ್ಚಿಡಿ. ಸಂಜೆಗೆ ತೆಗೆದುಬಿಡಿ.

ಬೆಕ್ಕಿನಮ್ಮ
ನಮ್ಮ ಮನೆಯಲ್ಲಿ ಬೆಕ್ಕಿದೆ, ಹಕ್ಕಿಗಳೂ ಬರುತ್ತವೆ. ಎಲ್ಲರೂ ಬೆಕ್ಕನ್ನು ಬೈಯಲು ಶುರು ಮಾಡುವ ಮೊದಲೇ ಹೇಳುತ್ತಿದ್ದೇನೆ. ನಮ್ಮದು ಊಟ ಜಾಸ್ತಿಯಾಗಿ ಇಡೀ ದಿನ ಮಲಗಿರುತ್ತದೆ.

ಬೈನಾಕ್ಯುಲರ್
ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಆಡುತ್ತದೆ ಮೇಡಂ, ಅದು ಹಸಿವಿಗೆ ಮಾತ್ರ ಅಲ್ಲ. ಅಮೆರಿಕದಲ್ಲಿ ಬೆಕ್ಕುಗಳಿಂದ ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತ್ತು.

ಬೆಕ್ಕಿನಮ್ಮ
ಅದೇ ಅಧ್ಯಯನದಲ್ಲಿ ಬಹುಪಾಲು ಸಾವು ಯಜಮಾನರಿಲ್ಲದ ಬೀದಿ ಬೆಕ್ಕುಗಳಿಂದ ಅಂತಲೂ ಇದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಬೈನಾಕ್ಯುಲರ್
ಸರಿ, ಅದು ನಿಜ. ಆದರೂ ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತು, ಒಳಗೇ ಇಟ್ಟುಕೊಳ್ಳಿ. ಕೊರಳಿಗೆ ಗಂಟೆ ಕಟ್ಟಿದರೆ ಸ್ವಲ್ಪ ಪ್ರಯೋಜನ ಇದೆ. ಬಣ್ಣಬಣ್ಣದ ಬಟ್ಟೆಯ ಕೊರಳಪಟ್ಟಿ ಇನ್ನೂ ಮೇಲು, ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಹೊಸಚಿಗುರು ಅವರಿಗೂ ಒಂದು ಮಾತು: ನೀರಿನ ತಟ್ಟೆಯನ್ನು ಪೊದೆಗೆ ಅಂಟಿಸಿದಂತೆ ಇಡಬೇಡಿ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಎರಡು ಮೂರು ಮೀಟರ್ ಆಚೆ ಇರಲಿ.

ಬೆಕ್ಕಿನಮ್ಮ
ಬಣ್ಣದ ಪಟ್ಟಿ ಹಾಕಿದರೆ ನಮ್ಮವನು ವಿದೂಷಕನಂತೆ ಕಾಣುತ್ತಾನೆ. ಆದರೂ ನೋಡುತ್ತೇನೆ.

ಗಾಜಿನಮನೆ
ನಮ್ಮಲ್ಲಿ ಒಂದು ಹಕ್ಕಿ ದಿನಾ ಕಾರಿನ ಕನ್ನಡಿ ಕುಕ್ಕುತ್ತದೆ. ಹುಚ್ಚು ಹಿಡಿದಿದೆಯಾ?

ನಿದ್ದೆಗೆಟ್ಟವ
ಕನ್ನಡಿಯಲ್ಲಿ ಕಾಣುವುದು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿ ಅಂದುಕೊಂಡಿದೆ. ಗೂಡು ಕಟ್ಟುವ ಕಾಲ ಮುಗಿದರೆ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಕನ್ನಡಿಗೆ ಒಂದು ಚೀಲ ಹಾಕಿ. ಪಾಪ, ಗೆಲ್ಲಲಾಗದ ಜಗಳ.

ಬೈನಾಕ್ಯುಲರ್
ಕುಕ್ಕುವುದು ಪರವಾಗಿಲ್ಲ, ಕಿಟಕಿಗೆ ಬಂದು ಬಡಿದು ಸಾಯುತ್ತವಲ್ಲ, ಅದು ದೊಡ್ಡ ಸಮಸ್ಯೆ. ಜನ ಇದನ್ನು ಗಗನಚುಂಬಿಗಳ ತಪ್ಪು ಅಂದುಕೊಳ್ಳುತ್ತಾರೆ. 2014ರ ಇನ್ನೊಂದು ಅಮೆರಿಕದ ಅಂದಾಜಿನ ಪ್ರಕಾರ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳಲ್ಲಿ ಸುಮಾರು 44% ಸಾಯುವುದು ಒಂದರಿಂದ ಮೂರು ಅಂತಸ್ತಿನ ಮನೆಗಳಲ್ಲಿ. ಗಗನಚುಂಬಿಗಳ ಪಾಲು 1%ಕ್ಕೂ ಕಡಿಮೆ. ಮನೆಗಳ ಸಂಖ್ಯೆಯೇ ಅಷ್ಟಿದೆ ಅಲ್ವಾ?

ಗಾಜಿನಲ್ಲಿ ಮರದ, ಆಕಾಶದ ಬಿಂಬ ಕಂಡು ಹಾರಿಬರುತ್ತವೆ. ಗಿಡುಗದ ಒಂದೇ ಒಂದು ಸ್ಟಿಕ್ಕರ್ ಅಂಟಿಸಿದರೆ ಅದರ ಪಕ್ಕದ ಜಾಗಕ್ಕೆ ಬಡಿಯುತ್ತವೆ. ಗಾಜಿನ ಹೊರಮುಖದಲ್ಲಿ ಐದೈದು ಸೆಂಟಿಮೀಟರ್‌ಗೆ ಒಂದೊಂದು ಚುಕ್ಕೆ ಇರಬೇಕು. ಸೋಪಿನ ಗೆರೆಯೂ ನಡೆಯುತ್ತದೆ. ಫೀಡರ್ ಇಡುವುದಾದರೆ ಕಿಟಕಿಯಿಂದ ಒಂದು ಮೀಟರ್‌ನೊಳಗೆ ಇಡಿ, ಇಲ್ಲವೇ ಹತ್ತು ಮೀಟರ್ ಆಚೆ. ಹತ್ತಿರ ಇದ್ದರೆ ಬಡಿದರೂ ಏಟು ಬಲವಾಗಿ ಬೀಳುವಷ್ಟು ವೇಗ ಇರುವುದಿಲ್ಲ. ನಡುವಿನ ದೂರವೇ ಅಪಾಯ.

ಕಟ್ಟಿಗೆಕೆಲಸ
ಗೂಡಿನ ಪೆಟ್ಟಿಗೆ ಕೇಳಿದ್ದಿರಿ, ಯಾರೂ ಉತ್ತರಿಸಿಲ್ಲ. ಮರದ ಪೊಟರೆ, ಗೋಡೆಯ ಸಂದಿ ಹುಡುಕುವ ಹಕ್ಕಿಗಳು ಮಾತ್ರ ಪೆಟ್ಟಿಗೆಗೆ ಬರುತ್ತವೆ. ಗುಬ್ಬಿ, ಮೈನಾ, ಮಡಿವಾಳ ಹಕ್ಕಿ, ಇಂಥವು. ಬುಲ್‌ಬುಲ್‌ಗೆ ಬಟ್ಟಲಿನಂಥ ಗೂಡು ಕಟ್ಟಲು ಪೊದೆ ಬೇಕು. ಸೂರಕ್ಕಿ ಜೇಡರ ಬಲೆಯ ನೂಲು ಸೇರಿಸಿ ತೂಗುವ ಗೂಡು ಕಟ್ಟುತ್ತದೆ. ಜೇಡರ ಬಲೆ ಎಲ್ಲ ಗುಡಿಸಿ ಹಾಕುವವರು ಯೋಚಿಸಿ.

ಗುಬ್ಬಿಗೆ ತೂತು 32 ಮಿಲಿಮೀಟರ್ ಸಾಕು. ದೊಡ್ಡದು ಮಾಡಿದರೆ ಮೈನಾ ಆಕ್ರಮಿಸುತ್ತದೆ. ಮಾರುವ ಪೆಟ್ಟಿಗೆಗಳಲ್ಲಿ ತೂತಿನ ಕೆಳಗೆ ಒಂದು ಕಡ್ಡಿ ಇರುತ್ತದೆ, ಅದನ್ನು ಮುರಿದುಹಾಕಿ. ಒಳಗೆ ಹೋಗುವ ಹಕ್ಕಿಗೆ ಅದು ಬೇಡ, ಮರಿ ಕದಿಯಲು ಬರುವವರಿಗೆ ಅದು ನಿಲ್ದಾಣ. ತಳದಲ್ಲಿ ನೀರು ಬಸಿಯಲು ಸಣ್ಣ ತೂತು, ಸೂರಿನ ಕೆಳಗೆ ಗಾಳಿಗೆ ಸಂದಿ ಬೇಕು. ಒಳಗೆ ಬಣ್ಣ ಬೇಡ, ಹಲಗೆ ಒರಟಾಗಿರಲಿ. ಮರಿ ಹತ್ತಿ ಹೊರಬರಬೇಕಲ್ಲ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಕಡೆ, ಆಳೆತ್ತರಕ್ಕಿಂತ ಮೇಲೆ ಗಟ್ಟಿಯಾಗಿ ಕಟ್ಟಿ. ಗಾಳಿಗೆ ತೂಗಾಡಬಾರದು. ಫೀಡರ್ ಪಕ್ಕದಲ್ಲೇ ಇಡಬೇಡಿ. ಮರಿ ಸಾಕುವ ಹಕ್ಕಿಗೆ ಜನಜಂಗುಳಿ ಆಗುವುದಿಲ್ಲ.

ಅಜ್ಜಿಮನೆ
ಮರಿ ಕೆಳಗೆ ಬಿದ್ದರೆ ಮುಟ್ಟಬಾರದಂತೆ ಅಲ್ವಾ? ಮನುಷ್ಯರ ವಾಸನೆ ಹತ್ತಿದರೆ ತಾಯಿ ಬಿಟ್ಟುಬಿಡುತ್ತದೆ ಅಂತಾರೆ.

ಪಶುವೈದ್ಯ_ಹಳಬ
ಅದು ಸುಳ್ಳು. ಮುಟ್ಟಿದ್ದಕ್ಕೆ ತಾಯಿ ಬಿಡುವುದಿಲ್ಲ. ಗರಿ ಬಾರದ ಮರಿಯಾದರೆ, ಗೂಡು ಕೈಗೆಟುಕಿದರೆ, ಎತ್ತಿ ಗೂಡಿಗೇ ಇಡಿ. ಗರಿ ಬಂದು, ಗಿಡ್ಡ ಬಾಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಬೆಕ್ಕು, ನಾಯಿಯಿಂದ ದೂರ, ಪೊದೆಯೊಳಗೆ ಬಿಟ್ಟು ನೀವು ಒಳಗೆ ಹೋಗಿ. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ನೀವು ನಿಂತಿರುವವರೆಗೆ ಇಳಿಯುವುದಿಲ್ಲ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಚಿಲಿಪಿಲಿ99
ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿದರೆ ಬೇಗ ಬರುತ್ತವೆ. ನಾನು ಹಾಕಿದಾಗ ಬಂದಿದ್ದವು.

ಬೈನಾಕ್ಯುಲರ್
ಬರುವುದು ಸಿಟ್ಟಿನಿಂದ. ಬೇರೆ ಗಂಡು ಬಂದಿದೆ ಅಂತ ಜಗಳಕ್ಕೆ ಬರುತ್ತದೆ. ಗೂಡು, ಮೇವು ಬಿಟ್ಟು ನಿಮ್ಮ ಫೋನಿನ ಜೊತೆ ಹೋರಾಡುತ್ತದೆ. ದಯವಿಟ್ಟು ಬೇಡ. ಕೂಗು ಗುರುತಿಸಲು ಮರ್ಲಿನ್ ಆ್ಯಪ್ ಇದೆ, ಕಾರ್ನೆಲ್ ಪಕ್ಷಿ ಪ್ರಯೋಗಾಲಯದ್ದು, ಉಚಿತ. ಅದು ಕೇಳಿಸಿಕೊಳ್ಳಲಿ, ನೀವು ಕೇಳಿಸಬೇಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ. 1998ರಿಂದ ಇದೆ. 15 ನಿಮಿಷ ನಿಂತು ಕಂಡದ್ದನ್ನು ಬರೆದರೆ ಸಾಕು. ಪಾರಿವಾಳ ಮಾತ್ರ ಕಂಡರೂ ಬರೆಯಬೇಕು.

ಹೊಸಚಿಗುರು
ಹಾಗಾದರೆ ನನ್ನ ಪಟ್ಟಿ ರೆಡಿ ಇದೆ 😄 ತಟ್ಟೆ ತೆಗೆದೆ, ಮಣ್ಣಿನ ತಟ್ಟೆಯಲ್ಲಿ ನೀರು ಇಟ್ಟೆ. ದಾಸವಾಳದ ಕಡ್ಡಿ ಪಕ್ಕದ ಮನೆಯವರು ಕೊಡುತ್ತೇನೆ ಅಂದಿದ್ದಾರೆ. ಪಾರಿವಾಳಗಳು ಇನ್ನೂ ಗೋಡೆ ಮೇಲೆ ಕೂತು ನನ್ನನ್ನೇ ದುರುಗುಟ್ಟುತ್ತಿವೆ.

ಟೆರೇಸ್‌ತೋಟ
ಕರಗಬೇಡಿ ಸರ್. ಒಂದು ಹಿಡಿ ಹಾಕಿದರೂ ಮತ್ತೆ ಮೊದಲಿಂದ ಶುರು.

ಬೇಲಿಗಿಡ
ಇಲಿ ಪಾಷಾಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚೆಲ್ಲಿದ ಕಾಳಿಗೆ ಇಲಿ ಬಂತು ಅಂತ ಪಾಷಾಣ ಇಟ್ಟರೆ, ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆಯ ಮೈಗೂ ಆ ವಿಷ ಸೇರುತ್ತದೆ. ಬೋನು ಇಡಿ.

ಮೂರನೇಮಹಡಿ
ತಡವಾಗಿ ಬಂದೆ. ತೋಟ ಇಲ್ಲ, ಕೈಸಾಲೆಯಷ್ಟು ಬಾಲ್ಕನಿ ಇದೆ. ನಮಗೇನಾದರೂ ಇದೆಯಾ?

ಮಣ್ಣಿನಕೈ
ದೊಡ್ಡ ಕುಂಡ ಒಂದು, ಅದರಲ್ಲಿ ಒಂಟಿ ಸುತ್ತಿನ ದಾಸವಾಳ. ಅಗಲ ಎಲೆಯ ಗಿಡ ಇನ್ನೊಂದು, ಅದೃಷ್ಟ ಇದ್ದರೆ ಸಿಂಪಿಗ ಎಲೆ ಹೊಲಿದು ಗೂಡು ಮಾಡುತ್ತದೆ. ನೀರಿನ ತಟ್ಟೆ ಕಟ್ಟೆಯ ಮೇಲೆ ಬೇಡ, ಗಾಳಿಗೆ ಯಾರದೋ ತಲೆ ಮೇಲೆ ಬೀಳುತ್ತದೆ. ಒಳಗೆ ಸ್ಟೂಲಿನ ಮೇಲೆ ಇಡಿ. ಪಾರಿವಾಳ ಬಂದು ಮೂಲೆಯಲ್ಲಿ ಎರಡು ಕಡ್ಡಿ ಇಟ್ಟರೆ ಮೊಟ್ಟೆ ಇಡುವ ಮೊದಲೇ ತೆಗೆದುಬಿಡಿ. ಮೊಟ್ಟೆ ಇಟ್ಟ ಮೇಲೆ ಮರಿ ಹಾರಿಹೋಗುವ ತನಕ ಬಾಲ್ಕನಿ ಅದರದ್ದೇ.

ಮೂರನೇಮಹಡಿ
ಎರಡು ಕಡ್ಡಿ ಆಗಲೇ ಇದೆ. ಈಗಲೇ ಹೋಗಿ ನೋಡುತ್ತೇನೆ.